ಹೌದು ಎಂದವನೇ ಕಳ್ಳ

ನಮ್ಮ ಭಾವನವರಷ್ಟು ಸುಳ್ಳು ಹೇಳುವ ಮನುಷ್ಯ ಇಡೀ ಉತ್ತರ ವರ್ಜೀನಿಯಾದಲ್ಲಿ ಇನ್ನೊಬ್ಬ ಇರಲಾರ. ಹೀಗೆಂದರೆ ನೀವು ನನ್ನನ್ನು ಕೃತಘ್ನ ಎನ್ನಬಹುದು. ಹರ್ನ್‌ಡನ್‌ನ ಅವರ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ತಿಂಗಳು ಬಾಡಿಗೆಯಿಲ್ಲದೆ ಇದ್ದು, ಅಕ್ಕನ ಕೈಯ ಹುಳಿ ಉಂಡು ತೇಗಿದವನು ನಾನು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ! ಗಾಂಧಿ ಬಜಾರ್ ಇರುವುದು ಮಲ್ಲೇಶ್ವರದಲ್ಲಿ ಎನ್ನುತ್ತಾರೆ. ಚಾಮುಂಡಿ ಬೆಟ್ಟಕ್ಕೆ ಮುನ್ನೂರೇ ಮೆಟ್ಟಿಲು ಎನ್ನುತ್ತಾರೆ. ಬಿಸಿಬೇಳೆಬಾತಿಗೆ ಕಡಲೆಬೇಳೆಯನ್ನೇ ಹಾಕಬೇಕು, ತೊಗರಿ ಹಾಕುವವರು ತಿಳಿಯದವರು ಎನ್ನುತ್ತಾರೆ. ಹೇಳುವಾಗ ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಹೇಳಿ ಮುಗಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎದುರಿನವರ ಮುಖವನ್ನೇ ನೋಡುತ್ತ ಕೂರುತ್ತಾರೆ.

ಅವರು ಕಾಯುವುದು ಒಂದೇ ಒಂದು ಮಾತಿಗೆ. "ಇಲ್ಲಾ ಸಾರ್, ತಪ್ಪು!" ಹಾಗೆಂದಿರೋ, ನೀವು ಗೆದ್ದಿರಿ. "ಅಸಲಿ!" ಎಂದು ಘೋಷಿಸಿ ಅಕ್ಕನ ಕಡೆ ತಿರುಗಿ ಕಾಫಿ ಹೇಳುತ್ತಾರೆ. ಮರ್ಯಾದೆಗೆಂದು "ಹೌದು ಹೌದು" ಎಂದು ತಲೆಯಾಡಿಸಿದಿರೋ, ಮುಗಿಯಿತು ನಿಮ್ಮ ಕಥೆ. ಅಲ್ಲಿಂದ ಮುಂದೆ ಅವರ ಲೆಕ್ಕದಲ್ಲಿ ನೀವು ನಕಲಿ.

ಇದು ಹುಚ್ಚು ಎಂದೇ ನಾನೂ ಅಂದುಕೊಂಡಿದ್ದೆ. ಆದರೆ ಎರಡು ಸಾವಿರದ ನಾಲ್ಕರಲ್ಲಿ, ನಾನು ಇರಲೊಂದು ಮನೆಗಾಗಿ ಪರದಾಡುತ್ತಿದ್ದಾಗ, ಈ ಹುಚ್ಚೇ ನನ್ನ ಮಾನ ಉಳಿಸಿತು. ಆ ವಿಷಯಕ್ಕೇ ಬರುತ್ತಿದ್ದೇನೆ. ಮೊದಲು ಹುಚ್ಚಿನ ಪರಿಚಯವಾಗಲಿ.

ಆ ಕಾಲದ ನಮ್ಮ ಸಂಸಾರಗಳು ನಡೆಯುತ್ತಿದ್ದುದೇ ಹಳೆಯ ಸಾಮಾನಿನ ಮೇಲೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಎರಡು ಸೂಟ್‌ಕೇಸ್ ಹಿಡಿದು ಬಂದವರು ವೀಸಾ ಮುಗಿಯುವ ಹೊತ್ತಿಗೆ ಸೋಫಾ, ಹಾಸಿಗೆ, ರೈಸ್ ಕುಕ್ಕರ್, ಕಾರು ಎಲ್ಲವನ್ನೂ ಗುಡ್ಡೆ ಹಾಕಿಕೊಂಡು, ಹೊರಡುವಾಗ "ಮೂವಿಂಗ್ ಸೇಲ್" ಎಂದು ಕನ್ನಡ ಕೂಟದ ಈ-ಮೇಲ್ ಗುಂಪಿಗೆ ಬರೆದು ಹಾಕುತ್ತಿದ್ದರು. ನಮ್ಮ ಕಡೆ ಒಂದು ಕೆಂಪು ಸೋಫಾ ಇತ್ತು. ಅದು ಐದು ಮನೆ ಕಂಡಿತ್ತು, ಮೂರು ಸೀಮಂತ ನೋಡಿತ್ತು! ಗುಂಪಿನಲ್ಲಿ ಸಿಗದಿದ್ದರೆ ಇಂಟರ್‌ನೆಟ್ಟಿನ ಜಾಹೀರಾತಿನ ಸೈಟುಗಳಿದ್ದವು. ಅಲ್ಲಿ ಬಗೆಬಗೆಯ ಮಹಾನುಭಾವರಿದ್ದರು. ನೀವು ಮಾರಲಿಟ್ಟ ಮಂಚಕ್ಕೆ ಕೇಳಿದ್ದಕ್ಕಿಂತ ಮೂರು ಪಾಲು ಹೆಚ್ಚಿನ ಚೆಕ್ ಕಳಿಸಿ, "ಮಿಕ್ಕಿದ್ದನ್ನು ಮಂಚ ಒಯ್ಯಲು ಬರುವವನಿಗೆ ಕೊಟ್ಟುಬಿಡಿ" ಎನ್ನುವ ಧಾರಾಳಿಗಳು. ನೀವು ಕೊಟ್ಟ ಮೇಲೆ ವಾರ ಬಿಟ್ಟು ಬ್ಯಾಂಕಿನವರು ಚೆಕ್ ಖೋಟಾ ಎನ್ನುತ್ತಿದ್ದರು. ಹೊಚ್ಚ ಹೊಸ ಕಾರನ್ನು ಚಿಲ್ಲರೆ ಕಾಸಿಗೆ ಮಾರುವ ದಾನಿಗಳೂ ಇದ್ದರು. ಅವರು ಯಾವಾಗಲೂ ಬೇರೆ ದೇಶದಲ್ಲಿರುತ್ತಿದ್ದರು, ಕಾರು ಮಾತ್ರ ಇಲ್ಲೇ ಎಲ್ಲೋ ಇರುತ್ತಿತ್ತು!

ಇವರನ್ನೆಲ್ಲ ಹಿಡಿಯಲು ಭಾವ ಕಂಡುಹಿಡಿದ ಅಸ್ತ್ರವೇ ಸುಳ್ಳು. ಅವರೇ ಒಮ್ಮೆ ನನಗೆ ಅದರ ಸಿದ್ಧಾಂತವನ್ನು ಬಿಡಿಸಿ ಹೇಳಿದರು.

"ನೋಡಯ್ಯ, ಮೋಸ ಮಾಡೋನಿಗೆ ಬೇಕಾಗಿರೋದು ನಿನ್ನ ದುಡ್ಡು. ನಿನ್ನ ಜೊತೆ ವಾದ ಮಾಡಿ ಅವನಿಗೇನಾಗ್ಬೇಕು? ನೀನು ಏನ್ ಹೇಳಿದ್ರೂ ಎಸ್ ಸರ್ ಅಂತಾನೆ. ಅದೇ ನಮ್ಮೋನಿಗೆ, ನಿಮ್ಮೂರಲ್ಲಿ ಬಸ್ ಸ್ಟ್ಯಾಂಡು ಈ ಕಡೆ ಇದೆ ಅಂತ ತಪ್ಪು ಹೇಳಿ ನೋಡು! ಕಾರು ಮಾರಕ್ಕೆ ಬಂದಿರೋದನ್ನೇ ಮರ್ತು ಬಸ್ ಸ್ಟ್ಯಾಂಡ್ ಸರಿ ಮಾಡಕ್ಕೆ ನಿಂತ್ಕೋತಾನೆ."

"ಎಲ್ರೂ ಹಾಗಿರ್ತಾರಾ ಭಾವ?"

"ನೀನು ಈಗ ಒಪ್ಕೊಂಡ್ಯಾ? ಇಲ್ವಲ್ಲ! ಅಸಲಿ!"

ಈ ಅಸ್ತ್ರದ ಪ್ರಯೋಗವನ್ನು ನಾನು ಕಣ್ಣಾರೆ ಕಂಡದ್ದು ಒಂದು ಭಾನುವಾರ. ಮಗಳು ಕಾಲೇಜಿಗೆಂದು ದೂರದ ಊರಿಗೆ ಹೋದ ಮೇಲೆ ಅಕ್ಕ ಅವಳ ಓದುವ ಮೇಜನ್ನು ಮಾರಲಿಟ್ಟಿದ್ದಳು. ಕೊಳ್ಳಲು ಮಂಗಳೂರಿನ ಕ್ರಿಶ್ಚಿಯನ್ ಆಂಟಿಯೊಬ್ಬರು ಬಂದರು. ವಾಷಿಂಗ್ಟನ್‌ನಲ್ಲಿ ದೇಶದೇಶಗಳಿಗೆ ಸಾಲ ಕೊಡುವ ದೊಡ್ಡ ಸಂಸ್ಥೆಯೊಂದರಲ್ಲಿ ಕೆಲಸ. ಚರ್ಚಿನಿಂದ ನೇರವಾಗಿ ಬಂದಿದ್ದರು, ಒಳ್ಳೆಯ ರೇಷ್ಮೆ ಸೀರೆಯಲ್ಲಿದ್ದರು. ಅವರ ಮುಖ ನೋಡಿದರೆ ಯಾರೂ ಅನುಮಾನಪಡುವ ಹಾಗಿರಲಿಲ್ಲ. ಭಾವ ಬಿಡಬೇಕಲ್ಲ!

"ಮಂಗಳೂರಿನೋರಾ? ತುಂಬ ಸಂತೋಷ. ನಿಮ್ಮ ನೀರುದೋಸೆ ಅಂದ್ರೆ ನಂಗೆ ಪ್ರಾಣ. ಉದ್ದಿನಬೇಳೇನ ರಾತ್ರಿಯೆಲ್ಲ ಚೆನ್ನಾಗಿ ನೆನೆಸ್ಬೇಕು ಅಲ್ವಾ ಅದಕ್ಕೆ?"

ಆಂಟಿ ಕೈಯಲ್ಲಿದ್ದ ಪರ್ಸನ್ನು ಮೇಜಿನ ಮೇಲೆ ಇಟ್ಟರು.

"ಎಂಥದು? ನೀರುದೋಸೆಗೆ ಉದ್ದಾ? ನಿಮಗೆ ತಲೆ ಸರಿ ಉಂಟಾ ಮಾರಾಯ್ರೆ? ಅದಕ್ಕೆ ಅಕ್ಕಿ ಮಾತ್ರ! ಬೇಕಾದರೆ ಸ್ವಲ್ಪ ತೆಂಗಿನಕಾಯಿ ಹಾಕುವುದು. ಉದ್ದು ಹಾಕಿದರೆ ಅದು ನೀರುದೋಸೆ ಹೇಗೆ ಆಗ್ತದೆ? ನಮ್ಮ ಮಮ್ಮಿ ಇಲ್ಲಿ ಇದ್ದಿದ್ದರೆ ನಿಮ್ಮನ್ನು ನಿಮ್ಮದೇ ಮನೆಯಿಂದ ಹೊರಗೆ ಹಾಕ್ತಿದ್ದರು!"

"ಅಸಲಿ!" ಎಂದು ಭಾವ ಎದ್ದು ನಿಂತು ಕೈ ಮುಗಿದರು. ಆಂಟಿಗೆ ಸಮಾಧಾನವಾಗಲಿಲ್ಲ. ಅಕ್ಕನನ್ನು ಕರೆದುಕೊಂಡು ಅಡುಗೆಮನೆಗೆ ನಡೆದು, ಅಕ್ಕಿ ಎಷ್ಟು, ನೀರು ಎಷ್ಟು, ಕಾವಲಿ ಎಷ್ಟು ಕಾಯಬೇಕು ಎಂದು ಮುಕ್ಕಾಲು ಗಂಟೆ ಪಾಠ ಮಾಡಿದರು. ಮೇಜು ಕೊಳ್ಳುವುದನ್ನು ಮರೆತೇ ಹೊರಟುಹೋದರು. ಮುಂದಿನ ಭಾನುವಾರ ಮತ್ತೆ ಬಂದಾಗ ಅವರ ಕೈಯಲ್ಲಿ ಒಂದು ಡಬ್ಬ ತುಂಬ ನೀರುದೋಸೆ ಇತ್ತು.

ಇನ್ನು ನಮ್ಮ ಅಕ್ಕನ ವಿಷಯ. ಭಾವನ ಪರೀಕ್ಷೆಯ ಪ್ರಕಾರ ಉತ್ತರ ವರ್ಜೀನಿಯಾದ ಅತಿದೊಡ್ಡ ಮೋಸಗಾರ್ತಿ ಯಾರು ಗೊತ್ತೆ? ಅವಳೇ! ಭಾವ ಏನು ಹೇಳಿದರೂ ಅಕ್ಕ "ಹೂಂ ರೀ" ಎನ್ನುತ್ತಾಳೆ. ಅವರು ಗಾಂಧಿ ಬಜಾರನ್ನು ಎತ್ತಿ ಅಟ್ಲಾಂಟಾದಲ್ಲಿಟ್ಟರೂ "ಹೂಂ ರೀ, ಅಲ್ಲೇ ಇರೋದು" ಎಂದು ಸೊಪ್ಪು ಬಿಡಿಸುತ್ತ ಕೂರುತ್ತಾಳೆ. ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನ ಜೊತೆ, ಮೇಷ್ಟ್ರ ಜೊತೆ, ಹಾಲಿನವನ ಜೊತೆ ಜಗಳವಾಡಿ ಗೆದ್ದ ಹುಡುಗಿ ಹೀಗೇಕಾದಳು ಎಂದು ನನಗೆ ಆಶ್ಚರ್ಯ. "ನಿನ್ನ ಹೆಂಡ್ತಿ ಹಿಂಗಾದ್ರೆ ಬ್ಯಾಂಕ್ ಅಕೌಂಟ್ ಚೆಕ್ ಮಾಡ್ಕೋ" ಎಂದು ಭಾವ ನನಗೆ ಅವಳೆದುರಿಗೇ ಬುದ್ಧಿ ಹೇಳುತ್ತಿದ್ದರು. ಅದಕ್ಕೂ ಅಕ್ಕ "ಹೂಂ, ಮಾಡ್ಕೋ" ಎನ್ನುತ್ತಿದ್ದಳು.

ಪರೀಕ್ಷೆ ಸದಾ ಸರಿಯಾಗಿಯೇ ಇರುತ್ತಿತ್ತು ಎಂದೇನಿಲ್ಲ. ಹಾಸನದ ಒಬ್ಬ ಎಳೆಯ ಇಂಜಿನಿಯರ್ ರೈಸ್ ಕುಕ್ಕರ್ ಮಾರುತ್ತೇನೆಂದು ಗುಂಪಿಗೆ ಬರೆದಿದ್ದ. ಭಾವ ಫೋನ್ ಮಾಡಿ, "ಹಾಸನದಿಂದ ಬೇಲೂರಿಗೆ ಹೋಗ್ಬೇಕಾದ್ರೆ ಮಧ್ಯದಲ್ಲಿ ಮಂಡ್ಯ ಸಿಗತ್ತಲ್ಲಪ್ಪ?" ಎಂದು ಕೇಳಿದರು. ಅತ್ತ ಕಡೆಯಿಂದ ಸಣ್ಣ ದನಿಯಲ್ಲಿ "ಹೌದು ಸರ್" ಎಂದು ಬಂತು. ಭಾವ ಫೋನ್ ಇಟ್ಟವರೇ ಇಡೀ ಗುಂಪಿಗೆ ಎಚ್ಚರಿಕೆಯ ಈ-ಮೇಲ್ ಕಳಿಸಿಬಿಟ್ಟರು. ಈ ಕುಕ್ಕರ್ ನಂಬಬೇಡಿ, ಈತ ಹಾಸನದವನಲ್ಲ!

ಮಾರನೆಯ ದಿನ ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್‌ನ ಹುಡುಗ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ. ಏನಾಯಿತಯ್ಯ ಎಂದೆ. "ಯಾರೋ ದೊಡ್ಡೋರು ಫೋನ್ ಮಾಡಿದ್ರು ಸರ್. ತಪ್ಪು ಹೇಳ್ತಿದ್ದಾರೆ ಅಂತ ಗೊತ್ತಾಯ್ತು. ವಯಸ್ಸಾದೋರಿಗೆ ಎದುರು ಹೇಗೆ ಮಾತಾಡೋದು ಅಂತ ಸುಮ್ನಾದೆ. ಈಗ ನೋಡಿದ್ರೆ ನನ್ನ ಫ್ರಾಡ್ ಅಂತಿದ್ದಾರೆ!" ಎಂದ. ನಾಚಿಕೆಯಾಗಿ ಸಂಜೆಯೇ ಹೋಗಿ ಭಾವನಿಗೆ ಎಲ್ಲ ಹೇಳಿದೆ. ಭಾವನಿಗೆ ನಾಚಿಕೆಗಿಂತ ಹೆಚ್ಚಾಗಿ ನೋವಾದದ್ದು "ವಯಸ್ಸಾದೋರು" ಎಂಬ ಮಾತಿಗೆ. ಗುಂಪಿಗೆ ಕ್ಷಮೆ ಕೇಳಿ ಬರೆದರು, ಕುಕ್ಕರನ್ನು ತಾವೇ ಕೊಂಡುಕೊಂಡರು, ಹುಡುಗನನ್ನು ಊಟಕ್ಕೆ ಕರೆದರು. ಆಮೇಲೆ ಸಿದ್ಧಾಂತಕ್ಕೆ ಒಂದು ತಿದ್ದುಪಡಿಯನ್ನೂ ತಂದರು. ಇನ್ನು ಮುಂದೆ ಒಂದು ಸುಳ್ಳಿಗೆ ತೀರ್ಪು ಕೊಡುವಂತಿಲ್ಲ, ಮೂರು ಸುಳ್ಳು ಹೇಳಬೇಕು. ಮೂರನೆಯದು ಮಾತ್ರ ಎದುರಿನವರ ಅಮ್ಮನ ಅಡುಗೆಯ ಮೇಲೆ ಇರಬೇಕು.

"ಎಂಥಾ ಸಂಕೋಚದ ಹುಡುಗ ಆದ್ರೂ ಅಲ್ಲಿ ಬಾಯಿ ಬಿಡ್ತಾನೆ. ಬಿಡ್ಲಿಲ್ಲ ಅಂದ್ರೆ ಅವನು ನಮ್ಮೋನಲ್ಲ" ಎಂದರು ಭಾವ. ಅಕ್ಕ "ಹೂಂ ರೀ" ಎಂದಳು.

ಈಗ ನನ್ನ ಕಥೆ. ನಾನಾಗ ಮೂವರು ಬ್ರಹ್ಮಚಾರಿಗಳ ಜೊತೆ ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಹಾಸಿಗೆ ಹಾಕಿಕೊಂಡಿದ್ದೆ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಹೆಂಡತಿಗೆ ವೀಸಾ ಸಿಕ್ಕಿ, ಟಿಕೆಟ್ಟೂ ಆಗಿ, ಇನ್ನು ಎರಡು ವಾರಕ್ಕೆ ಅವಳು ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿನಲ್ಲಿ ಇಳಿಯುವವಳಿದ್ದಳು. ನಾನು ಫೋನಿನಲ್ಲಿ ಅವಳಿಗೂ ಅತ್ತೆ ಮಾವನಿಗೂ ಬಾಲ್ಕನಿ ಇರುವ ಮನೆ ನೋಡಿಟ್ಟಿದ್ದೇನೆ ಎಂದು ಬಡಾಯಿ ಕೊಚ್ಚಿದ್ದೆ. ಬಾಲ್ಕನಿ ಹಾಗಿರಲಿ, ಬಾಗಿಲೂ ಸಿಕ್ಕಿರಲಿಲ್ಲ! ಅಕ್ಕನ ಮನೆಯಲ್ಲಿ ಇಳಿಸಬಹುದಿತ್ತು, ನಿಜ. ಆದರೆ ಹೊಸ ಹೆಂಡತಿಯನ್ನು ಕರೆತಂದು ಅಕ್ಕನ ಬೇಸ್‌ಮೆಂಟಿನಲ್ಲಿಡುವುದೇ? ನನ್ನ ಜಂಬ ಒಪ್ಪಲಿಲ್ಲ.

ಹಾಗಾಗಿ ಇಂಟರ್‌ನೆಟ್ಟಿನ ಸೈಟಿನಲ್ಲೂ ಕೂಟದ ಗುಂಪಿನಲ್ಲೂ ಬರೆದು ಹಾಕಿದೆ. "ಮೈಸೂರಿನ ಸರಸ್ವತಿಪುರಂನವನು, ಸಸ್ಯಾಹಾರಿ, ಹೆಂಡತಿ ಈ ತಿಂಗಳ ಕೊನೆಗೆ ಬರುತ್ತಾಳೆ, ಮನೆ ತುರ್ತಾಗಿ ಬೇಕು." ಎರಡೇ ದಿನದಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬಂತು. ಆಹಾ, ಎಂಥ ಉತ್ತರ! ಬರೆದವನ ಹೆಸರು ಅಪ್ಪಟ ಕನ್ನಡದ್ದು. ತಾನೂ ಸರಸ್ವತಿಪುರಂನವನೇ, ಸಸ್ಯಾಹಾರಿಯೇ. ಹರ್ನ್‌ಡನ್‌ನಲ್ಲಿ ಟೌನ್‌ಹೌಸ್ ಇದೆ, ಬಾಲ್ಕನಿಯೂ ಇದೆ, ವಿಳಾಸವೂ ಫೋಟೋವೂ ಜೊತೆಗಿವೆ. ಆಫೀಸಿನವರು ಲಂಡನ್ನಿಗೆ ಕಳಿಸಿದ್ದಾರೆ. ಬಾಡಿಗೆ ಮುಖ್ಯವಲ್ಲ, ನಮ್ಮವರೇ ಒಂದು ಕುಟುಂಬ ಬಂದು ದೀಪ ಹಚ್ಚಿದರೆ ಸಾಕು. ಬಾಡಿಗೆಯೋ, ಸುತ್ತಮುತ್ತಲಿನವರು ಕೊಡುವುದರ ಅರ್ಧ! ಒಂದು ತಿಂಗಳ ಬಾಡಿಗೆ ಮತ್ತು ಮುಂಗಡವನ್ನು ಮನಿ ಟ್ರಾನ್ಸ್‌ಫರ್ ಮಾಡಿದರೆ ಕೀಲಿಕೈ ಕೊರಿಯರಿನಲ್ಲಿ ಬರುತ್ತದೆ.

ಇಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ನನ್ನ ಕೆಲಸ ಏನು ಗೊತ್ತೆ? ಕಂಪ್ಯೂಟರ್ ಸೆಕ್ಯುರಿಟಿ! ಸರ್ಕಾರಿ ಇಲಾಖೆಯೊಂದರ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ಕಾಯುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಅಂಥ ನಾನು ಬ್ಯಾಂಕಿನಿಂದ ಇದ್ದಬದ್ದ ದುಡ್ಡನ್ನೆಲ್ಲ ತೆಗೆದು ಜೇಬಿಗಿಟ್ಟುಕೊಂಡು, ಶನಿವಾರ ಬೆಳಿಗ್ಗೆ ಭಾವನ ಮನೆಗೆ ಹೋಗಿ, "ಮನೆ ಸಿಕ್ತು ಭಾವ! ದುಡ್ಡು ಕಳ್ಸಕ್ಕೆ ಸೂಪರ್‌ಮಾರ್ಕೆಟ್ಟಿನ ಮನಿ ಟ್ರಾನ್ಸ್‌ಫರ್ ಕೌಂಟರ್ ಹತ್ರ ಡ್ರಾಪ್ ಮಾಡ್ತೀರಾ?" ಎಂದೆ.

ಭಾವ ಎಲ್ಲ ಕೇಳಿದರು. ಎದ್ದು ಹೋಗಿ ಕಾರಿನ ಕೀಲಿಯನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದು ಬಂದರು.

"ಮೊದ್ಲು ಪರೀಕ್ಷೆ. ಕೂತ್ಕೋ, ನಾನು ಹೇಳಿದ್ದನ್ನ ಟೈಪ್ ಮಾಡು."

"ಭಾವ, ಪ್ಲೀಸ್! ಅವ್ರು ನಮ್ಮ ಸರಸ್ವತಿಪುರಂನೋರು. ಬೇಜಾರ್ ಮಾಡ್ಕೊಂಡ್ರೆ ಮನೆ ಹೋಗತ್ತೆ."

"ಸರಸ್ವತಿಪುರಂ ಅಂತ ಮೊದ್ಲು ಹೇಳಿದ್ದು ಯಾರು? ನೀನು. ವೆಜಿಟೇರಿಯನ್ ಅಂತ ಹೇಳಿದ್ದು ಯಾರು? ನೀನು. ನೀನು ಬರ್ದಿದ್ದನ್ನೇ ನಿಂಗೆ ವಾಪಸ್ ಕಳ್ಸಿದ್ದಾನೆ ಕಣಯ್ಯ! ಟೈಪ್ ಮಾಡು."

ಗತಿಯಿಲ್ಲದೆ ಟೈಪ್ ಮಾಡಿದೆ. ಮೊದಲನೆಯ ಸುಳ್ಳು ಹೀಗಿತ್ತು. "ಸರ್, ನಮ್ಮ ಮನೆ ಚಾಮುಂಡಿ ಬೆಟ್ಟದ ತುದಿಯ ರೈಲ್ವೆ ಸ್ಟೇಷನ್ ಪಕ್ಕ. ನೀವೂ ಅಲ್ಲೇ ರೈಲು ಹತ್ತುತ್ತಿದ್ದಿರಾ?" ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಹೌದು ಸಹೋದರ, ದಿನಾ ಬೆಳಿಗ್ಗೆ ನನ್ನ ದಿವಂಗತ ತಂದೆಯೊಡನೆ ಅಲ್ಲೇ ರೈಲು ಹತ್ತುತ್ತಿದ್ದೆ. ಹಣ ಕಳಿಸಿದಿರಾ?"

ಆ ಸಾಲನ್ನು ಎರಡು ಸಲ ಓದಿದೆ. ಆದರೂ ಆಸೆ ಬಿಡುತ್ತದೆಯೇ? "ಹಾಸನದ ಹುಡುಗನ ಥರ ಸಂಕೋಚದೋರಿರಬಹುದು ಭಾವ" ಎಂದೆ. "ಇರ್ಬಹುದು. ಅದಕ್ಕೇ ಇನ್ನೆರಡು ಇದೆ" ಎಂದು ಭಾವ ಎರಡನೆಯದನ್ನು ಹೇಳಿ ಬರೆಸಿದರು. ದಸರಾದಲ್ಲಿ ಅಂಬಾರಿ ಹೊತ್ತ ಒಂಟೆ ನಮ್ಮ ಬೀದಿಯಲ್ಲೇ ಹಾದುಹೋಗುತ್ತಿತ್ತು, ನಿಮ್ಮ ಬೀದಿಗೂ ಬರುತ್ತಿತ್ತೆ? ಬಂದ ಉತ್ತರ ಇದು. "ಆ ಒಂಟೆಯನ್ನು ಮರೆಯುವುದುಂಟೇ! ನನ್ನ ತಾಯಿ ಅದಕ್ಕೆ ಕೈಯಾರೆ ತಿನ್ನಿಸುತ್ತಿದ್ದರು. ದಯವಿಟ್ಟು ಇವತ್ತೇ ಹಣ ಕಳಿಸಿ."

ಈಗ ನಾನು ಕುರ್ಚಿಯಲ್ಲಿ ಕುಸಿದಿದ್ದೆ. ಬೇಡ ಸಾಕು ಎಂದೆ. ಭಾವ ಬಿಡಲಿಲ್ಲ, ಕಾಯಿದೆ ಎಂದರೆ ಕಾಯಿದೆ. ಮೂರನೆಯದನ್ನು ತಾವೇ ಒಂದೊಂದು ಬೆರಳಿನಲ್ಲಿ ಕುಟ್ಟಿದರು. "ತಾಯಿ ಎಂದಾಗ ನೆನಪಾಯಿತು. ನಿಮ್ಮ ತಾಯಿಯವರ ಸಾರು ಬಾಯಿಗಿಡಲು ಆಗುತ್ತಿರಲಿಲ್ಲವೆಂದು ಇಡೀ ಸರಸ್ವತಿಪುರಂನಲ್ಲಿ ಮಾತಿತ್ತು. ನಿಜವೇ?"

ಹತ್ತೇ ನಿಮಿಷ. "ಹೌದು ಸಹೋದರ, ತುಂಬ ಕೆಟ್ಟ ಸಾರು. ಹಣ ಯಾವಾಗ?"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. "ಅಮ್ಮನ ಸಾರನ್ನೇ ಬಿಟ್ಟುಕೊಟ್ನಲ್ಲಯ್ಯ!" ಎಂದರು. ಮೋಸಕ್ಕಿಂತ ಅದೇ ಅವರಿಗೆ ಹೆಚ್ಚು ದುಃಖ ತಂದ ಹಾಗೆ ಕಂಡಿತು.

ಕಣ್ಣಾರೆ ನೋಡಿಬಿಡೋಣ ಎಂದು ಅಕ್ಕಿ ಡಬ್ಬಕ್ಕೆ ಕೈ ಹಾಕಿ, ಕಾರು ತೆಗೆದು, ಆ ವಿಳಾಸಕ್ಕೆ ಹೋದೆವು. ಫೋಟೋದಲ್ಲಿದ್ದದ್ದೇ ಮನೆ, ಬಾಲ್ಕನಿಯೂ ಇತ್ತು. ಅದರ ಮುಂದೆ ವಯಸ್ಸಾದ ಅಮೆರಿಕನ್ ಒಬ್ಬರು ಹುಲ್ಲು ಕತ್ತರಿಸುತ್ತಿದ್ದರು. ನಮ್ಮನ್ನು ಕಂಡವರೇ ಯಂತ್ರ ನಿಲ್ಲಿಸಿ, "ಈ ಮನೆ ಬಾಡಿಗೆಗಿಲ್ಲ! ನಾನು ಇದರಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಈ ವಾರ ಬಂದವರಲ್ಲಿ ನೀವು ನಾಲ್ಕನೆಯವರು" ಎಂದರು. ನಾನು ಸಾರಿ ಹೇಳಿ ತಿರುಗಿದೆ. ಭಾವ ಅಲ್ಲೇ ನಿಂತು ಇಂಗ್ಲಿಷಿನಲ್ಲಿ ಬಲು ವಿನಯದಿಂದ ಕೇಳಿದರು, "ಅಂದಹಾಗೆ, ಈ ಹರ್ನ್‌ಡನ್ ಇರುವುದು ಮೇರಿಲ್ಯಾಂಡ್‌ನಲ್ಲಿ ಅಲ್ಲವೇ?"

"ಮೇರಿಲ್ಯಾಂಡೇ? ಇದು ವರ್ಜೀನಿಯಾ, ಸ್ವಾಮಿ! ವರ್ಜೀನಿಯಾ!" ಎಂದು ಆ ಮುದುಕಪ್ಪ ಕೆಂಪಾಗಿ ಕೂಗಿದರು.

"ಅಸಲಿ" ಎಂದು ಭಾವ ನನ್ನ ಕಿವಿಯಲ್ಲಿ ಹೇಳಿ ಕಾರು ಹತ್ತಿದರು.

ಮನೆಯ ಕಡೆ ಹೊರಟೆವು. ಜೇಬಿನಲ್ಲಿ ದುಡ್ಡು ಉಳಿದಿತ್ತು, ಆದರೆ ತಲೆಯ ಮೇಲೆ ಸೂರಿರಲಿಲ್ಲ, ಹೆಂಡತಿಯ ವಿಮಾನಕ್ಕೆ ಹತ್ತೇ ದಿನವಿತ್ತು. ಭಾವ ರಸ್ತೆಯನ್ನೇ ನೋಡುತ್ತ, "ನಮ್ಮನೇಲಿ ಜಾಗ ಇಲ್ಲಪ್ಪ" ಎಂದರು. ನನಗೆ ಪಿಚ್ಚೆನಿಸಿತು. ಅವರು ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನನ್ನನ್ನೇ ನೋಡತೊಡಗಿದಾಗ ಅರ್ಥವಾಯಿತು.

"ತಪ್ಪು ಭಾವ. ಬೇಸ್‌ಮೆಂಟ್ ಇದೆಯಲ್ಲ" ಎಂದೆ.

"ಅಸಲಿ! ಹದಿನೈದು ದಿನ ಇರಿ" ಎಂದರು.

ಬೇಸ್‌ಮೆಂಟನ್ನು ಗುಡಿಸಿ ಹಾಸಿಗೆ ಹೊಂದಿಸಲು ಅಕ್ಕನೂ ನಾನೂ ಇಳಿದೆವು. ಮೂಲೆಯಲ್ಲಿ ಪ್ಲಾಸ್ಟಿಕ್ ಕವರನ್ನೂ ತೆಗೆಯದ ಆರು ಕುಷನ್‌ಗಳಿದ್ದವು. ಕುರ್ಚಿಗೆ ಕಟ್ಟಲು ದಾರವಿದ್ದ, ಹಸಿರು ಬಣ್ಣದ ಚೌಕ ಕುಷನ್‌ಗಳು. "ಇದ್ರ ಕುರ್ಚಿ ಎಲ್ಲೇ?" ಎಂದು ಕೇಳಿದೆ. ಅಕ್ಕ ಮೆಟ್ಟಿಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಕುರ್ಚಿ ಬರ್ಲೇ ಇಲ್ಲ ಕಣೋ. ಈ ಮನೆಗೆ ಬಂದ ಹೊಸದ್ರಲ್ಲಿ ಇವ್ರು ಇಂಟರ್‌ನೆಟ್ಟಲ್ಲಿ ಡೈನಿಂಗ್ ಟೇಬಲ್ ತಗೊಂಡ್ರು. ಮಾರೋನು ಮೈಸೂರಿನೋನು ಅಂತ. ಫೋನಲ್ಲಿ ಒಂದು ಗಂಟೆ ಮಾತಾಡಿದ್ರು. ಎಷ್ಟು ಒಳ್ಳೇ ಮನುಷ್ಯ, ನಾನು ಹೇಳಿದ್ದಕ್ಕೆಲ್ಲ ಹೌದು ಅಂತಾನೆ ಅಂತ ಖುಷಿಯೋ ಖುಷಿ. ದುಡ್ಡು ಕಳಿಸಿ, ಕುಷನ್ನೂ ತಂದಿಟ್ರು. ಗೃಹಪ್ರವೇಶಕ್ಕೆ ನಲವತ್ತು ಜನ ಬಂದಿದ್ರು. ಟೇಬಲ್ ಬರ್ಲಿಲ್ಲ. ನಮ್ಮ ಸಂಪ್ರದಾಯ ಬಿಡಬಾರ್ದು ಅಂತ ಎಲ್ರಿಗೂ ಹೇಳಿ ನೆಲದ ಮೇಲೇ ಪಂಕ್ತಿ ಹಾಕ್ಸಿದ್ರು."

ನನಗೆ ನಗು ಬಂತು. ಅಕ್ಕ ನಗಲಿಲ್ಲ.

"ಮೋಸ ಹೋದ್ರಿ ಅಂತ ಅವತ್ತು ನಾನು ಅಂದ್ಬಿಟ್ಟೆ. ಇಲ್ಲ, ಬರತ್ತೆ, ಲಾರಿ ಲೇಟಾಗಿದೆ ಅಂದ್ರು. ಮುಖ ನೋಡಕ್ಕಾಗ್ಲಿಲ್ಲ. ದಿನಾ ಆಫೀಸಿಂದ ಬಂದೋರೇ ಕಿಟಕೀಲಿ ನೋಡೋರು, ನಾಳೆ ಬರತ್ತೆ ಅನ್ನೋರು. ನಾನೂ ಹೂಂ ರೀ, ಬರತ್ತೆ ಅಂದೆ. ಆರು ತಿಂಗಳು ಹೂಂ ಅಂದೆ. ಆಮೇಲೆ ಅದೇ ಅಭ್ಯಾಸ ಆಗ್ಹೋಯ್ತು ನೋಡು. ಈ ಸುಳ್ಳಿನ ಪರೀಕ್ಷೆ ಶುರುವಾಗಿದ್ದೂ ಆಗ್ಲೇ."

ಆ ಆರು ಕುಷನ್‌ಗಳನ್ನು ಜೋಡಿಸಿ, ಮೇಲೆ ಜಮಖಾನ ಹಾಸಿ, ನಮಗೊಂದು ದಿವಾನ ಮಾಡಿಕೊಟ್ಟಳು.

ಹೆಂಡತಿ ಬಂದಳು. ಇಪ್ಪತ್ತೆರಡು ಗಂಟೆಯ ಪ್ರಯಾಣ, ಕಣ್ಣು ತೆರೆಯಲೂ ಶಕ್ತಿಯಿರಲಿಲ್ಲ. ತಟ್ಟೆಯ ಮುಂದೆ ತೂಕಡಿಸುತ್ತಿದ್ದವಳನ್ನು ಭಾವ ಕೇಳಿದರು, "ನಂಜನಗೂಡಿನೋಳಾ ನೀನು? ಕಾವೇರಿ ದಡದಲ್ಲಿದೆಯಲ್ಲ, ಅದೇ ತಾನೇ?" ಅವಳ ಕಣ್ಣು ಪೂರ್ತಿ ತೆರೆಯಿತು. "ಕಾವೇರಿ ಅಲ್ಲಣ್ಣ, ಕಪಿಲಾ! ನಂಜನಗೂಡಿಗೂ ಕಾವೇರಿಗೂ ಏನ್ ಸಂಬಂಧ?" ಎಂದು ಶುರುಮಾಡಿ ದೇವಸ್ಥಾನ, ಸ್ನಾನಘಟ್ಟ, ಸೇತುವೆ ಎಲ್ಲವನ್ನೂ ತಟ್ಟೆಯ ಮೇಲೆ ಅನ್ನದಲ್ಲಿ ಗೆರೆ ಎಳೆದು ತೋರಿಸಿದಳು. ಭಾವ ಹೆಮ್ಮೆಯಿಂದ ನನ್ನತ್ತ ತಿರುಗಿ, "ಬ್ಯಾಂಕ್ ಅಕೌಂಟ್ ಇವ್ಳಿಗೇ ಕೊಟ್ಬಿಡು" ಎಂದರು. ಬಾಲ್ಕನಿಯ ವಿಷಯವನ್ನು ಅವಳು ಆಮೇಲೆ ಬೇಸ್‌ಮೆಂಟಿನಲ್ಲಿ ಎತ್ತಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಕಥೆ ಕೂಟದವರಿಗೆಲ್ಲ ಗೊತ್ತಾಗಿ, ಸಂಕ್ರಾಂತಿ ಊಟದ ದಿನ ಭಾವನನ್ನು ಹತ್ತು ನಿಮಿಷ ಮಾತಾಡಲು ಕರೆದರು. ಭಾವ ಮೈಕಿನ ಮುಂದೆ ನಿಂತು, "ನಮಗೆ ಒಂದು ಕಾಯಿಲೆ ಇದೆ. ಎದುರಿಗಿರೋನು ‘ನಮ್ಮೋನು’ ಅಂತ ಗೊತ್ತಾದ ತಕ್ಷಣ ಬುದ್ಧೀನ ಚಪ್ಪಲಿ ಜೊತೆ ಬಾಗಿಲಾಚೆ ಬಿಟ್ಬಿಡ್ತೀವಿ" ಎಂದರು. ಮನೆ ಆದರೆ ಒಳಗೆ ಕಾಲಿಟ್ಟು ನೋಡಿ, ಕಾರು ಆದರೆ ಓಡಿಸಿ ನೋಡಿ, ಮನುಷ್ಯ ಆದರೆ ಮುಖ ನೋಡಿ, ಆಮೇಲೆ ದುಡ್ಡು ಎಂದರು. ಹೊಸಬರಿಗೆ ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ ಎಂದರು. ಮೋಸ ಹೋದವರು ಬಾಯಿ ಮುಚ್ಚಿಕೊಂಡು ಕೂರಬೇಡಿ, ನಾಚಿಕೆ ಬಿಟ್ಟು ಗುಂಪಿಗೆ ಬರೆಯಿರಿ, ನೀವು ಬರೆದರೆ ಇನ್ನೊಬ್ಬ ಉಳಿಯುತ್ತಾನೆ ಎಂದರು. ಈ ಮಾತು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ನಡುಗಿತು. ಅದೇಕೆಂದು ಅಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ, ಅಕ್ಕನಿಗೆ ಮತ್ತು ನನಗೆ.

ಕೂಟದವರು ಉತ್ಸಾಹದಿಂದ ಎಲ್ಲಕ್ಕೂ ಒಪ್ಪಿದರು. ಪರಿಣಾಮ? ನಮ್ಮ ಈ-ಮೇಲ್ ಗುಂಪು ಮೂರು ತಿಂಗಳು ಯಾರ ಕೈಗೂ ಸಿಗಲಿಲ್ಲ! ಯಾರು ಏನು ಮಾರುತ್ತೇನೆಂದರೂ ಕೆಳಗೆ ಪರೀಕ್ಷೆಯ ಸುಳ್ಳು, ಅದಕ್ಕೆ ನಲವತ್ತು ತಿದ್ದುಪಡಿ, ತಿದ್ದುಪಡಿಗೆ ತಿದ್ದುಪಡಿ. ಒಂದು ತೊಟ್ಟಿಲು ಮಾರಾಟಕ್ಕಿಟ್ಟವರ ಈ-ಮೇಲಿನ ಕೆಳಗೆ ಮೈಸೂರು ಪಾಕ್ ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಎಂಬ ಚರ್ಚೆ ಹತ್ತಿ, ಅದು ಮುಗಿಯುವುದರೊಳಗೆ ತೊಟ್ಟಿಲಿನ ಮಗು ನಡೆಯಲು ಕಲಿತಿತ್ತು. ಆದರೆ ಒಂದು ಮಾತು. ಆಮೇಲೆ ನಾನಲ್ಲಿರುವ ತನಕ ಗುಂಪಿನ ಯಾರೂ ಮೋಸ ಹೋದದ್ದು ನನಗೆ ತಿಳಿಯದು.

ನಮ್ಮ ಹದಿನೈದು ದಿನ ಹನ್ನೊಂದು ತಿಂಗಳಾಯಿತು. ಪ್ರತಿ ತಿಂಗಳೂ ನಾನು ಅಪಾರ್ಟ್‌ಮೆಂಟ್ ನೋಡಿಕೊಂಡು ಬರುವುದು, ಭಾವ ಅದರಲ್ಲೊಂದು ಹುಳುಕು ಹುಡುಕುವುದು. ಒಂದಕ್ಕೆ ಬಿಸಿಲಿಲ್ಲ, ಇನ್ನೊಂದಕ್ಕೆ ಬಿಸಿಲು ಜಾಸ್ತಿ. ಕೊನೆಗೆ ನನಗೆ ಜಾರ್ಜಿಯಾದಲ್ಲಿ, ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್ ಕಡೆ ಕೆಲಸ ಸಿಕ್ಕಿತು. ಹೋಗಿ, ಕಾಲಿಟ್ಟು ನೋಡಿ, ಮಾಲೀಕರ ಮುಖ ನೋಡಿ, ಮನೆ ಗೊತ್ತು ಮಾಡಿಕೊಂಡು ಬಂದೆ. ಬಾಲ್ಕನಿಯೂ ಇತ್ತು. ಭಾವ ಹುಳುಕು ಹುಡುಕಲಾಗದೆ, "ಅಟ್ಲಾಂಟಾ ಕಡೆ ಸೆಖೆ" ಎಂದು ಸುಮ್ಮನಾದರು.

ಹೊರಡುವ ಬೆಳಿಗ್ಗೆ ಬಾಡಿಗೆಯ ಟ್ರಕ್ಕಿಗೆ ಸಾಮಾನು ಏರಿತು. ಐದು ಮನೆ ಕಂಡ ಆ ಕೆಂಪು ಸೋಫಾ ಈಗ ನಮ್ಮ ಪಾಲಿಗೆ ಬಂದಿತ್ತು. ಆರು ಹಸಿರು ಕುಷನ್‌ಗಳನ್ನೂ ಭಾವ ತಾವೇ ಹೊತ್ತು ತಂದು ಸೋಫಾದ ಮೇಲಿಟ್ಟರು. "ತಗೊಂಡೋಗು, ನಮಗ್ಯಾಕೆ" ಎಂದರು. ಅಕ್ಕ ಬಾಗಿಲಲ್ಲಿ ಮೊಸರನ್ನದ ಡಬ್ಬ ಹಿಡಿದು ನಿಂತಿದ್ದಳು. ನಾವಿಬ್ಬರೂ ನಮಸ್ಕಾರ ಮಾಡಿ ಎದ್ದೆವು.

"ಸರಿ ಸರಿ, ಹೊರಡಿ. ಹನ್ನೊಂದು ತಿಂಗಳು ತಲೆ ತಿಂದಿದ್ದಾಯ್ತು" ಎಂದರು ಭಾವ. "ಇನ್ನಾದ್ರೂ ಮನೇಲಿ ನೆಮ್ಮದಿಯಾಗಿರ್ತೀನಿ. ನೀವು ಹೋದ್ರೆ ನಂಗೇನೂ ಬೇಜಾರಿಲ್ಲ."

ಹೇಳಿ ಮುಗಿಸಿದರು. ಕನ್ನಡಕ ಮೂಗಿನ ತುದಿಗೆ ಇಳಿಯಲಿಲ್ಲ. ನಮ್ಮ ಮುಖವನ್ನೂ ನೋಡಲಿಲ್ಲ. ನಾನು ಟ್ರಕ್ಕಿನ ಕೀಲಿಗಾಗಿ ಜೇಬು ತಡಕಾಡತೊಡಗಿದೆ. ಹೆಂಡತಿ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದಳು.

"ತಪ್ಪು" ಎಂದಳು ಅಕ್ಕ.

ಭಾವ ತಿರುಗಿ ಅವಳನ್ನು ನೋಡಿದರು. ನಾಲ್ಕು ವರ್ಷದಿಂದ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಅಕ್ಕ ಮೆಲ್ಲಗೆ, "ತಪ್ಪು ರೀ. ನಾಳೆ ಬೆಳಿಗ್ಗೆ ನಾಲ್ಕು ಲೋಟಕ್ಕೆ ಡಿಕಾಕ್ಷನ್ ಹಾಕ್ತೀರ ನೀವು. ಆಮೇಲೆ ಕಿಟಕೀಲಿ ನೋಡ್ತೀರ. ನಂಗೊತ್ತಿಲ್ವಾ?" ಎಂದಳು.

ಭಾವ "ಅಸಲಿ" ಎನ್ನಲಿಲ್ಲ. ಸರಸರನೆ ಟ್ರಕ್ಕಿನ ಹಿಂದಕ್ಕೆ ಹೋಗಿ, ನಮಗೆ ಬೆನ್ನು ಹಾಕಿ, ಚಕ್ರದ ಮುಂದೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ನಾನು ಪಕ್ಕಕ್ಕೆ ಹೋಗಿ ನಿಂತೆ.

"ಈ ಟೈರಲ್ಲಿ ಗಾಳಿ ಕಮ್ಮಿ ಇದೆ ಕಣೋ" ಎಂದರು, ತಲೆ ಎತ್ತದೆ.

ಅರ್ಧ ಗಂಟೆಯ ಹಿಂದಷ್ಟೇ ನಾನೇ ನಾಲ್ಕೂ ಟೈರಿಗೆ ಗಾಳಿ ತುಂಬಿಸಿಕೊಂಡು ಬಂದಿದ್ದೆ.

"ಹೌದು ಭಾವ, ಕಮ್ಮಿ ಇದೆ" ಎಂದೆ.